ಒಂಟಿಕಾಳಿನ ಕಾಫಿ

ದ್ವಿದಳ ಎಂಬ ಮಾತಿಗೆ ತುಮಕೂರಿನ ನಮ್ಮ ಮನೆಯಲ್ಲಿ ಎರಡು ಅರ್ಥಗಳಿದ್ದವು, ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಇನ್ನೊಂದು. ಪಡಸಾಲೆ ಅಪ್ಪನದು. ಸಂಜೆಯಾದರೆ ಅಲ್ಲಿ ಜಮಖಾನ ಹಾಸಿ, ಬೀದಿಯ ಹೈಸ್ಕೂಲು ಮಕ್ಕಳನ್ನೆಲ್ಲ ಕೂರಿಸಿಕೊಂಡು ಅವರು ವಿಜ್ಞಾನದ ಪಾಠ ಹೇಳುತ್ತಿದ್ದರು. ಅಲ್ಲಿ ದ್ವಿದಳವೆಂದರೆ ಎರಡು ಬೇಳೆಯ ಬೀಜದಿಂದ ಹುಟ್ಟುವ ಸಸ್ಯ. ಅದಕ್ಕೊಂದು ತಾಯಿಬೇರು ಇರಬೇಕು, ಎಲೆಯಲ್ಲಿ ನರಗಳು ಬಲೆ ಹೆಣೆದಿರಬೇಕು. ಅಡುಗೆಮನೆ ನಮ್ಮ ಸೋದರತ್ತೆ ಗೋದಾವರಿಯಮ್ಮನದು, ನಮ್ಮ ಬಾಯಲ್ಲಿ ಗೋದತ್ತೆ. ಅಲ್ಲಿ ದ್ವಿದಳವೆಂದರೆ ವ್ರತ. ಮಳೆಗಾಲದಿಂದ ಕಾರ್ತಿಕದವರೆಗೆ ನಡೆಯುವ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಅವರಿಗೆ ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ. ದೀಪಾವಳಿ ಬರುವ ನಾಲ್ಕನೆಯ ತಿಂಗಳೇ ದ್ವಿದಳ ವ್ರತ, ಅಂದರೆ ಒಡೆದರೆ ಎರಡು ಹೋಳಾಗುವ ಬೇಳೆಕಾಳು ಯಾವುದೂ ಇಲ್ಲ. ಪಡಸಾಲೆಗೂ ಅಡುಗೆಮನೆಗೂ ಮಧ್ಯೆ ಒಂದು ನಡುಮನೆಯೂ ಒಂದು ದಪ್ಪ ಬಾಗಿಲೂ ಇದ್ದುದರಿಂದ ಎರಡು ದ್ವಿದಳಗಳೂ ಎಷ್ಟೋ ವರ್ಷ ಪರಸ್ಪರ ಮುಖ ನೋಡದೆ ಸುಖವಾಗಿದ್ದವು. ನಾನು ಮುಂದೆ ಸಸ್ಯಶಾಸ್ತ್ರವನ್ನೇ ಓದಿ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳಿ ನಿವೃತ್ತಳಾದವಳು. ಆದರೂ ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದಾಗಲೆಲ್ಲ ನನಗೆ ಮೊದಲು ನೆನಪಾಗುತ್ತಿದ್ದುದು ಪುಸ್ತಕವಲ್ಲ. ಆ ಎರಡು ದ್ವಿದಳಗಳು ನಡುಮನೆ ದಾಟಿ ಎದುರುಬದುರಾದ ವರ್ಷ.

ಗೋದತ್ತೆ ಅಪ್ಪನ ಅಕ್ಕ. ಅಪ್ಪ ಹುಟ್ಟುವ ಹೊತ್ತಿಗೆ ಅವರಿಗೆ ಮದುವೆಯಾಗಿತ್ತು. ಅಪ್ಪ ನಡೆಯಲು ಕಲಿಯುವಷ್ಟರಲ್ಲಿ ಗಂಡ ತೀರಿಹೋಗಿ ತವರಿಗೆ ವಾಪಸು ಬಂದಿದ್ದರು. ಹೆತ್ತ ತಾಯಿ ಬೇಗ ಹೋದ್ದರಿಂದ, ತಲೆ ಬೋಳಿಸಿ ಕೆಂಪು ಸೀರೆಯ ಸೆರಗು ಹೊದ್ದ ಈ ಅಕ್ಕನನ್ನು ಬಿಟ್ಟರೆ ಅಪ್ಪನಿಗೆ ಬೇರೆ ತಾಯಿ ಗೊತ್ತಿಲ್ಲ. ಸ್ವಲ್ಪ ವರ್ಷಕ್ಕೆ ತಂದೆಯೂ ಹೋದರು. ಆಮೇಲೆ ಗುಬ್ಬಿಯಲ್ಲಿ ಅವರಿವರ ಮನೆಯ ಮದುವೆ ಮುಂಜಿಗೆ ಮಡಿ ಅಡುಗೆ ಮಾಡಿ, ಹಪ್ಪಳ ಲಟ್ಟಿಸಿ, ಸಂಡಿಗೆ ಇಟ್ಟು ತಮ್ಮನನ್ನು ಬಿ.ಎಸ್ಸಿ.ವರೆಗೆ ಓದಿಸಿದವರು ಗೋದತ್ತೆಯೇ. ತಮಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಬೀದಿಯಲ್ಲಿ ಯಾರ ಮಗುವಿಗೆ ಹೊಟ್ಟೆನೋವು ಬಂದರೂ, ಯಾರ ಮನೆಯ ಗೋಡೆ ಬಿರುಕು ಬಿಟ್ಟರೂ, "ನಮ್ಮ ಶೀನೀನ ಕೇಳಿ, ಬಿ.ಎಸ್ಸಿ. ಓದಿದಾನೆ" ಎನ್ನುತ್ತಿದ್ದರು. ಒಪ್ಪೊತ್ತು ಊಟ, ಸಂಜೆಗೆ ಒಂದು ಹಿಡಿ ಅವಲಕ್ಕಿ, ಚಾಪೆಯ ಮೇಲೆ ನಿದ್ದೆ. ಬೇಡ ಎಂದೇ ಬಾಳಿದವರು ಬೇಕು ಎಂದದ್ದು ಕಾಫಿಯೊಂದನ್ನೇ. ಅದಕ್ಕೆ ಅವರದೇ ಹಿತ್ತಾಳೆ ಫಿಲ್ಟರು, ಅವರದೇ ಲೋಟ. ಬೆಳಗ್ಗೆ ಸ್ನಾನ ಪೂಜೆ ಮುಗಿದ ಮೇಲೆ ಒಂದು, ಮಧ್ಯಾಹ್ನ ಊಟವಾಗಿ ಅಡುಗೆಮನೆ ಸಾರಿಸಿದ ಮೇಲೆ ಒಂದು. ಹಾಲು ಬಿಟ್ಟ ತಿಂಗಳಲ್ಲಿ ಕೂಡ ಬೆಲ್ಲ ಹಾಕಿದ ಕರಿ ಡಿಕಾಕ್ಷನ್ನನ್ನು ಮುಖ ಕಿವುಚಿಕೊಂಡು ಕುಡಿಯುತ್ತಿದ್ದರೇ ಹೊರತು ಬಿಡುತ್ತಿರಲಿಲ್ಲ. ಯಾರಾದರೂ ರೇಗಿಸಿದರೆ, "ದೇವರು ಹಾಲು ಬಿಡು ಅಂದಿದಾನೆ, ಕಾಫಿ ಬಿಡು ಅಂದಿಲ್ಲ" ಎನ್ನುತ್ತಿದ್ದರು. ಆ ಲೋಟ ಅವರ ಕೈಯಲ್ಲಿದ್ದಾಗ ಏನು ಕೇಳಿದರೂ ಆಗಲಿ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಹೊಸ ರಿಬ್ಬನ್ನು, ಗೆಳತಿಯ ಮನೆಗೆ ಹೋಗಲು ಅಪ್ಪಣೆ, ಅಮ್ಮನ ಏಟಿನಿಂದ ರಕ್ಷಣೆ, ಎಲ್ಲವನ್ನೂ ನಾನು ಆ ಹೊತ್ತಿಗೆ ಕಾದು, ಅವರ ಮಡಿಗೆ ತಾಗದಷ್ಟು ದೂರ ಕೂತು ಕೇಳುತ್ತಿದ್ದೆ.

ಅಪ್ಪ ದಿನಾ ಬೆಳಗಿನ ರೈಲಿಗೆ ಗುಬ್ಬಿಗೆ ಹೋಗಿ ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಮಾಡಿ ಸಂಜೆ ವಾಪಸು ಬರುತ್ತಿದ್ದರು. ಬರುವಾಗ ಚೀಲದಲ್ಲಿ ಯಾವುದಾದರೂ ಗಿಡ ಬೇರುಸಮೇತ ಇಣುಕುತ್ತಿತ್ತು. ಹೊಲದ ಬದುವಿನಿಂದ ಕಿತ್ತ ರಾಗಿ ಪೈರು, ರೈಲು ಹಳಿಯ ಪಕ್ಕದ ತುಂಬೆ, ಯಾರದೋ ಬೇಲಿಯ ಹಾಗಲಬಳ್ಳಿ. ಜಮಖಾನದ ಮೇಲೆ ಮಣ್ಣು ಉದುರುತ್ತದೆಂದು ಅಮ್ಮ ಗೊಣಗುತ್ತಿದ್ದಳು. ಅಪ್ಪನಿಗೆ ಅದೆಲ್ಲ ಕಿವಿಗೆ ಬೀಳುತ್ತಿರಲಿಲ್ಲ. ಗಿಡವನ್ನು ಎತ್ತಿ ಹಿಡಿದು ಶುರುಮಾಡುತ್ತಿದ್ದರು:

"ಬೇರು ಹಿಡ್ಕೊಂಡು ನಿಲ್ಸುತ್ತೆ, ನೀರು ಕುಡಿಯುತ್ತೆ. ಕಾಂಡ ಹೊರುತ್ತೆ, ಸಾಗ್ಸುತ್ತೆ. ಎಲೆ ಅಡುಗೆ ಮಾಡುತ್ತೆ. ಹೂವು ಕರೆಯುತ್ತೆ, ಹಣ್ಣು ಬೀಜ ಕಾಯುತ್ತೆ. ಇದರಲ್ಲಿ ಯಾರ ಕೆಲಸ ಹೆಚ್ಚು ಹೇಳಿ ನೋಡೋಣ?"

ನಾವೆಲ್ಲ ಒಂದೊಂದು ಭಾಗದ ಪಕ್ಷ ವಹಿಸಿ ಕಿರುಚುತ್ತಿದ್ದೆವು. ನಾನು ಯಾವಾಗಲೂ ಎಲೆಯ ಪಕ್ಷ. ಅಪ್ಪನದು ಒಂದೇ ಕಷ್ಟ, ತಪ್ಪು ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ನೆಂಟರ ಮನೆಯ ಪಂಕ್ತಿಯಲ್ಲಿ ಹಿರಿಯರೊಬ್ಬರು "ಆಲೂಗಡ್ಡೆ ಅಂಥ ಬೇರು ಪದಾರ್ಥ ವಾಯು" ಎಂದರು. ಅಪ್ಪ ಕಲಸಿದ ತುತ್ತನ್ನು ಎಲೆಯ ಮೇಲೆ ಬಿಟ್ಟು, ಆಲೂಗಡ್ಡೆ ಬೇರಲ್ಲ, ಮಣ್ಣಿನೊಳಗಿರುವ ಕಾಂಡ, ಅದರ ಮೇಲಿನ ಕಣ್ಣುಗಳೇ ಸಾಕ್ಷಿ, ಗೆಣಸು ಬೇಕಾದರೆ ಬೇರು ಎಂದು ವಿವರಿಸಿದರು. ಪಂಕ್ತಿಗೆ ಪಂಕ್ತಿಯೇ ಊಟ ನಿಲ್ಲಿಸಿತು. ಬಡಿಸುತ್ತಿದ್ದ ಅಮ್ಮ ಪಲ್ಯದ ಪಾತ್ರೆ ಹಿಡಿದುಕೊಂಡೇ ಒಳಗೆ ಹೋಗಿಬಿಟ್ಟಳು. ಅಮ್ಮ ಕುಣಿಗಲ್ಲಿನವಳು, ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ಗಂಡನ ಪಾಠವನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ನಮಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡವಳು. "ನಿಮ್ಮಪ್ಪನ ಹತ್ರ ಇರೋದು ನಾಲಿಗೆ ಅಲ್ಲ ಕಣೆ, ಕೆಂಪು ಇಂಕಿನ ಪೆನ್ನು" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು.

ಆ ವರ್ಷ ದಸರಾ ರಜೆ ಮುಗಿದು ದ್ವಿದಳ ವ್ರತ ಆಗತಾನೆ ಶುರುವಾಗಿತ್ತು. ಒಂದು ತಿಂಗಳು ಕರಿ ಡಿಕಾಕ್ಷನ್ ಕುಡಿದು ಬೇಸತ್ತಿದ್ದ ಗೋದತ್ತೆಗೆ ಮತ್ತೆ ಹಾಲಿನ ಕಾಫಿ ಸಿಕ್ಕಿ ಮುಖದಲ್ಲಿ ಕಳೆ ಬಂದಿತ್ತು. ಪಡಸಾಲೆಯಲ್ಲಿ ಅಪ್ಪ ನೆನೆಸಿದ ಅವರೆಕಾಳನ್ನು ಬೆರಳಿನಿಂದ ಹಿಚುಕಿ ಎರಡು ಹೋಳು ಮಾಡಿ ತೋರಿಸುತ್ತಿದ್ದರು. ಮಧ್ಯೆ ಇರುವ ಪುಟ್ಟ ಮೊಳಕೆಗೆ ಎಲೆ ಬರುವ ತನಕ ಈ ಎರಡು ಬೇಳೆಗಳೇ ಬುತ್ತಿ, ಎಲೆ ಬಂದು ತನ್ನ ಅಡುಗೆ ತಾನು ಮಾಡಿಕೊಳ್ಳುವ ಹೊತ್ತಿಗೆ ಬೇಳೆ ಬತ್ತಿ ಉದುರಿಹೋಗುತ್ತದೆ ಎಂದರು. ಆಮೇಲೆ, ಬೀಜ ಒಡೆಯದೆಯೂ ಕಂಡುಹಿಡಿಯಬಹುದು, ಎಲೆಯಲ್ಲಿ ಬಲೆ ಇದ್ದರೆ ದ್ವಿದಳ, ಉದ್ದಕ್ಕೆ ಗೆರೆಗೆರೆ ಇದ್ದರೆ ಏಕದಳ ಎಂದು ಒಂದು ದಾಸವಾಳದ ಎಲೆಯನ್ನೂ ಒಂದು ಜೋಳದ ಗರಿಯನ್ನೂ ಎತ್ತಿ ಹಿಡಿದರು. ಯಾವತ್ತೂ ಪಡಸಾಲೆಯ ಕಡೆ ತಲೆ ಹಾಕದ ಗೋದತ್ತೆ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಶೀನಿ, ಹಂಗಾದ್ರೆ ಬೇಳೆ ಒಂದೇ ಅಲ್ವೇನೋ ದ್ವಿದಳ?"

"ಬೇಳೆ ಒಂದೇನಾ? ಅಕ್ಕ, ಕಣ್ಣಿಗೆ ಕಾಣೋ ಗಿಡದಲ್ಲಿ ಮುಕ್ಕಾಲುಪಾಲು ದ್ವಿದಳವೇ!"

"ಕೊತ್ತಂಬರಿ ಬೀಜ?"

"ದ್ವಿದಳ."

"ಜೀರಿಗೆ?"

"ಅದೂ ದ್ವಿದಳವೇ."

ಮಕ್ಕಳೆಲ್ಲ ಕಿಸಿಕಿಸಿ ನಕ್ಕರು. ಗೋದತ್ತೆ "ಓಹೋ" ಎಂದು ಒಳಗೆ ಹೋದರು. ಅಪ್ಪನ ಮುಖ ನೋಡಬೇಕಿತ್ತು. ತನ್ನನ್ನು ಓದಿಸಿದ ಅಕ್ಕ ತನ್ನ ವಿದ್ಯೆಯ ಬಗ್ಗೆ ಮೊದಲ ಸಲ ಒಂದು ಪ್ರಶ್ನೆ ಕೇಳಿದ್ದಳು. ಅವತ್ತು ಪಾಠ ಇನ್ನೂ ಅರ್ಧ ಗಂಟೆ ಹೆಚ್ಚಿಗೆ ನಡೆಯಿತು. ಮಾರನೆಯ ದಿನ ಗೋದತ್ತೆಯ ಎಲೆಗೆ ಬಿದ್ದ ಸಾರಿನಲ್ಲಿ ಜೀರಿಗೆಯೂ ಇರಲಿಲ್ಲ, ಕೊತ್ತಂಬರಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯಾಯಿತು. ಪಾಠ ಮುಗಿಸಿ ಮಕ್ಕಳನ್ನು ಕಳಿಸಿ ಅಪ್ಪ ನೇರ ಅಡುಗೆಮನೆಯ ಹೊಸಿಲ ಹತ್ತಿರ ಮಣೆ ಹಾಕಿಕೊಂಡು ಕೂರುವರು. ಒಳಗೆ ಗೋದತ್ತೆ ಅವಲಕ್ಕಿ ನೆನೆಸುತ್ತ, ಅದು ಯಾವುದು, ಇದು ಯಾವುದು ಎಂದು ಕೇಳುವರು. ಹುಣಸೆಹಣ್ಣು, ಮೆಣಸಿನಕಾಯಿ, ಸಾಸಿವೆ, ಎಳ್ಳು, ಕರಿಬೇವು. ಅಪ್ಪ ಲಾಟೀನು ಹಿಡಿದು ಹಿತ್ತಲಿಗೆ ಹೋಗಿ ಎಲೆ ಕಿತ್ತು ತಂದು ಬೆಳಕಿಗೆ ಹಿಡಿದು ಬಲೆ ತೋರಿಸುವರು. ಅಲ್ಲಿಯವರೆಗೆ ಅಕ್ಕತಮ್ಮಂದಿರ ನಡುವಿನ ಮಾತೆಂದರೆ "ಊಟ ಆಯ್ತಾ", "ಕೊಡೆ ತಗೊಂಡ್ಯಾ", "ರೈಲು ತಡವಾಯ್ತೇನೋ" ಇಷ್ಟೇ. ಮದುವೆಯಾಗಿ ಮಗಳಾಗಿ ದೊಡ್ಡ ಮೇಷ್ಟರಾದ ಮೇಲೆ ಅಪ್ಪ ಆ ಹೊಸಿಲ ಹತ್ತಿರ ಕೂತದ್ದನ್ನೇ ನಾನು ಕಂಡಿರಲಿಲ್ಲ. ಈಗ ಕೂತು, ಕೈ ಆಡಿಸಿ, ಜೋರಾಗಿ ನಕ್ಕು, ಸಣ್ಣ ಹುಡುಗನ ಹಾಗೆ ಮಾತಾಡುತ್ತಿದ್ದರು. ಗೋದತ್ತೆ ಎಲೆಯ ಕಡೆ ನೋಡುವುದಕ್ಕಿಂತ ಹೆಚ್ಚಾಗಿ ಅವರ ಮುಖ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದುದು ಸಸ್ಯಶಾಸ್ತ್ರವಲ್ಲ, ತಮ್ಮ ದಿನಾ ಬಂದು ಅಲ್ಲಿ ಕೂರುವುದು ಎಂದು ನನಗೆ ಆಗ ಹೊಳೆಯಲಿಲ್ಲ. ಒಂದೊಂದು ಸಂಜೆಯ ಮಾತಿಗೂ ಅವರು ತಮ್ಮ ಊಟದಿಂದ ಒಂದೊಂದು ಪದಾರ್ಥ ತೆತ್ತರು.

ಆದರೆ ಆ ಊಟ ಮಾಡಿ ಬಡಿಸಬೇಕಾದವಳು ಅಮ್ಮ. ಅವಳಿಗೆ ತಲೆಕೆಟ್ಟುಹೋಯಿತು. ವ್ರತದ ತಿಂಗಳಲ್ಲಿ ಬೇಳೆ ಇಲ್ಲದೆ ಅಡುಗೆ ಮಾಡಿ ಅವಳಿಗೆ ಅಭ್ಯಾಸವಿತ್ತು; ಒಗ್ಗರಣೆಯೇ ಇಲ್ಲದೆ ಅಲ್ಲ.

"ರೀ, ನಿಮ್ಮ ಪಾಠಾನ ಪಡಸಾಲೇಲೇ ಇಟ್ಕೊಳ್ಳಿ. ನನ್ನ ಸಾಂಬಾರ ಡಬ್ಬಿ ಖಾಲಿ ಮಾಡ್ಬೇಡಿ."

"ನಾನೇನ್ ಮಾಡ್ಲೆ? ಕೇಳಿದ್ಲು, ಹೇಳ್ದೆ. ಸುಳ್ಳು ಹೇಳ್ಲಾ?"

"ಏಕದಳ ಯಾವ್ಯಾವ್ದಿದೆ, ಅದನ್ನಾದ್ರೂ ಹೇಳಿ ಪುಣ್ಯ ಕಟ್ಕೊಳ್ಳಿ."

ಹೀಗೆ ನಮ್ಮ ಮನೆಯಲ್ಲಿ ಏಕದಳದ ಅಡುಗೆ ಶುರುವಾಯಿತು. ಅಕ್ಕಿ, ಗೋಧಿ, ರಾಗಿ ಹೇಗೂ ಇದ್ದವು. ತೆಂಗಿನಕಾಯಿ ಏಕದಳ, ಶುಂಠಿ ಏಕದಳ, ಅರಿಶಿನ ಏಕದಳ, ಏಲಕ್ಕಿ ಏಕದಳ, ಕಬ್ಬು ಏಕದಳವಾದ್ದರಿಂದ ಬೆಲ್ಲಕ್ಕೂ ಅಡ್ಡಿಯಿಲ್ಲ. ಖಾರಕ್ಕೆ ಶುಂಠಿ, ಹುಳಿಗೆ ಹುಳಿಮೊಸರು, ಒಗ್ಗರಣೆಗೆ ಬರೀ ತುಪ್ಪ. ಬಾಳೆಯಂತೂ ಅಮ್ಮನನ್ನು ಕಾಪಾಡಿತು. ದಿಂಡಿನ ಮೊಸರುಬಜ್ಜಿ, ಕಾಯಿಯ ಪಲ್ಯ, ಹೂವಿನದೊಂದು ಗೊಜ್ಜು, ಕೊನೆಗೆ ಉಣ್ಣಲು ಅದರದೇ ಎಲೆ. ಬಾಳೆಯ ಕಂಬ ನಿಜವಾದ ಕಾಂಡವಲ್ಲ, ಎಲೆಬುಡಗಳ ಸುತ್ತು ಎಂದು ಅಪ್ಪ ಬಾಯಿ ತೆರೆದರು. ಅಮ್ಮ ಸೌಟು ತೋರಿಸಿದಳು. ಕುಣಿಗಲ್ಲಿನ ತವರಿಗೆ ಹೇಳಿಕಳಿಸಿ ಕೆಸುವಿನ ಗಡ್ಡೆ ತರಿಸಿದಳು. ಅದು ಏಕದಳವೇ, ಆದರೆ ಗೋದತ್ತೆ ಗಡ್ಡೆಗೆ ಸುತ್ತಿ ಬಂದ ಎಲೆಯನ್ನು ಬಿಡಿಸಿ ಬೆಳಕಿಗೆ ಹಿಡಿದು, "ಇದ್ರಲ್ಲೂ ಬಲೆ ಇದೆಯಲ್ಲೋ" ಎಂದರು. ಅಪ್ಪ ಅದು ಅಪವಾದ ಎಂದರು. "ಅಪವಾದ ಹೊತ್ಕೊಂಡಿರೋದು ನಂಗೆ ಬೇಡಪ್ಪ" ಎಂದು ಗೋದತ್ತೆ ಗಡ್ಡೆಯನ್ನು ಪಕ್ಕಕ್ಕೆ ತಳ್ಳಿದರು. ಆ ಗಡ್ಡೆಯನ್ನು ಹುಳಿ ಮಾಡಿ ನಾವೇ ತಿಂದು ನಾಲಿಗೆ ಕೆರೆದುಕೊಂಡೆವು.

ಇಷ್ಟರವರೆಗೆ ಅದು ತಮಾಷೆಯೇ. ಒಂದು ಭಾನುವಾರ ಮಧ್ಯಾಹ್ನ ಊಟವಾಗಿ ಗೋದತ್ತೆ ಕಾಫಿ ಲೋಟ ಹಿಡಿದು ಕೂತಿದ್ದರು, ಅಪ್ಪ ಹೊಸಿಲ ಹತ್ತಿರ ಮಣೆಯ ಮೇಲೆ, ನಾನು ಕಂಬಕ್ಕೊರಗಿ. ಅಮ್ಮ ಹುರಿಯುವುದಕ್ಕೆಂದು ತೆಗೆದಿಟ್ಟಿದ್ದ ಹಸಿ ಕಾಫಿಬೀಜದ ಒಂದು ಕಾಳು ನೆಲದ ಮೇಲೆ ಉರುಳಿತ್ತು. ಗೋದತ್ತೆ ಅದನ್ನು ಎತ್ತಿಕೊಂಡು ಮಾತಿಗೊಂದು ಮಾತು ಎಂಬಂತೆ ಕೇಳಿದರು:

"ಇದಕ್ಕೂ ನಡುವೆ ಗೆರೆ ಇದೆ ನೋಡೋ, ಎರಡು ಹೋಳಿನ ಥರ."

"ಆ ಗೆರೆಗೂ ಅದಕ್ಕೂ ಸಂಬಂಧ ಇಲ್ಲ ಅಕ್ಕ. ಒಂದು ಹಣ್ಣಿನೊಳಗೆ ಎರಡೆರಡು ಕಾಳು ಎದುರುಬದುರು ಒತ್ಕೊಂಡು ಕೂತಿರ್ತವೆ, ಅದಕ್ಕೆ ಒಂದು ಕಡೆ ಚಪ್ಪಟೆ. ಅದೇನೇ ಇರ್ಲಿ, ಕಾಫಿ ಗಿಡ ದ್ವಿದಳವೇ. ಅದರ ಎಲೆ ನೋಡಿದ್ರೆ ನಿಂಗೇ..."

ಅಪ್ಪ ಅಲ್ಲಿಗೆ ನಿಲ್ಲಿಸಿದರು. ಹೇಳಿದ್ದು ಏನೆಂದು ಅವರಿಗೇ ಆಗ ಅರ್ಥವಾಗಿತ್ತು. ಗೋದತ್ತೆ ಲೋಟದೊಳಗೆ ಒಮ್ಮೆ ನೋಡಿದರು. ಅರ್ಧ ಇತ್ತು. ಲೋಟವನ್ನು ನೆಲದ ಮೇಲಿಟ್ಟು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಆ ಕಾಫಿ ಅಲ್ಲೇ ಕೆನೆಗಟ್ಟಿತು, ಸಂಜೆ ಅಮ್ಮ ಅದನ್ನು ಬಚ್ಚಲಿಗೆ ಚೆಲ್ಲಿದಳು.

ಮೊದಲ ದಿನಗಳಲ್ಲಿ ಗೋದತ್ತೆಗೆ ತಲೆನೋವು. ಹಣೆಗೆ ಬಟ್ಟೆ ಬಿಗಿದುಕೊಂಡು, ಎದುರಿಗೆ ಬಂದವರಿಗೆಲ್ಲ ರೇಗುತ್ತಿದ್ದರು. ನೀರು ಕಾದಿಲ್ಲ, ಸೌದೆ ಹಸಿ, ಪದ್ದಿ ಜಡೆ ಬಿಚ್ಚಿಕೊಂಡು ಓಡಾಡ್ತಾಳೆ. ಪದ್ದಿ ಎಂದರೆ ನಾನು. ಆ ಬೈಗುಳವನ್ನು ನಾನು ಹೇಗೋ ತಡೆದುಕೊಂಡೆ. ಆಮೇಲೆ ಬೈಗುಳವೂ ನಿಂತಿತು, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ದೀಪಾವಳಿಯ ದಿನ ಮನೆಯವರಿಗೆಲ್ಲ ಒಬ್ಬಟ್ಟು ತಟ್ಟಿಕೊಟ್ಟು ತಾವು ಹಾಲನ್ನ ಉಂಡರು, ಅದನ್ನೂ ಅರ್ಧಕ್ಕೇ ಬಿಟ್ಟರು. ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಹಿತ್ತಲ ಬಾವಿಯಿಂದ ಮಡಿನೀರು ಸೇದುತ್ತಿದ್ದವರ ಕೈಯಿಂದ ಹಗ್ಗ ಜಾರಿತು. ಕೊಡ ಬಾವಿಯೊಳಗೆ ಬಿದ್ದ ಸದ್ದಿಗೆ ನಾನು ಓಡಿಬಂದೆ. ಗೋದತ್ತೆ ಬಾವಿಕಟ್ಟೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಮಡಿ ಎನ್ನುವುದನ್ನೂ ಮರೆತು ನಾನು ಅವರನ್ನು ತಬ್ಬಿಕೊಂಡೆ. ಅವರು ಬೈಯಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಸೀರೆಯೊಳಗೆ ಮೈ ಎಷ್ಟು ಸಣ್ಣದಾಗಿಬಿಟ್ಟಿದೆ ಎಂದು ಗೊತ್ತಾದದ್ದು ಆಗಲೇ. ಗೋದತ್ತೆ ಸತ್ತುಹೋಗುತ್ತಾರೆ ಎಂದು ಹೆದರಿ ನಾನು ಅಂದು ಸ್ಕೂಲಿಗೆ ಹೋಗಲಿಲ್ಲ.

ಅಪ್ಪ ಮಾಡದ ಪ್ರಯತ್ನವಿಲ್ಲ. ಪರಿಚಯದ ಆಚಾರ್ಯರೊಬ್ಬರನ್ನು ಮನೆಗೇ ಕರೆದುಕೊಂಡು ಬಂದರು. ಅವರು ನಡುಮನೆಯಲ್ಲಿ ಕೂತು, ಹಿಂದಿನವರು ಹೇಳಿದ ನಿಷಿದ್ಧಗಳಲ್ಲಿ ಕಾಫಿಯ ಹೆಸರಿಲ್ಲ, ನಮ್ಮ ಮನೆಯಲ್ಲೂ ಕುಡಿಯುತ್ತಾರೆ, ಧಾರಾಳವಾಗಿ ತೆಗೆದುಕೊಳ್ಳಬಹುದು ಎಂದು ಅಪ್ಪಣೆ ಕೊಟ್ಟರು. ಬಾಗಿಲ ಹಿಂದಿನಿಂದ ಗೋದತ್ತೆಯ ಸಣ್ಣ ದನಿ ಬಂತು.

"ಆಚಾರ್ರು ದೊಡ್ಡೋರು, ನಾನು ಎದುರು ಹೇಳಬಾರ್ದು. ಆದ್ರೆ ಬೀಜದ ವಿಷಯ ಅವರಿಗೇನು ಗೊತ್ತು? ನಮ್ಮ ಶೀನಿ ಬಿ.ಎಸ್ಸಿ. ಓದಿದಾನೆ."

ಆಚಾರ್ಯರು ಅಮ್ಮ ಕೊಟ್ಟ ಕಾಫಿ ಕುಡಿದು ಎದ್ದು ಹೋದರು. ಅವರು ಹೋದ ಮೇಲೆ ಅಪ್ಪ ಹೊಸಿಲ ಹತ್ತಿರ ಹೋಗಿ ನಿಂತರು. ಕೂರಲಿಲ್ಲ.

"ಅಕ್ಕ, ಆ ಶಾಸ್ತ್ರ ಬೇರೆ, ಈ ಶಾಸ್ತ್ರ ಬೇರೆ. ನಾನು ಹೇಳಿದ್ದು ಮಕ್ಕಳ ಪರೀಕ್ಷೆಗೆ."

"ಬೀಜಾನೂ ಬೇರೆ ಬೇರೇನಾ?"

"ಹಂಗಲ್ಲ..."

"ಪರೀಕ್ಷೆಗೊಂದು ನಿಜ, ಮನೇಗೊಂದು ನಿಜ ಅಂತ ಕಲ್ಸಿದಾರಾ ನಿಂಗೆ? ಅದಕ್ಕಾ ನಾನು ಊರೋರ್ ಮನೆ ಒಲೆ ಊದಿದ್ದು?"

ಅಪ್ಪ ಹೊಸಿಲಿನಿಂದ ಹಿಂದೆ ಸರಿದರು. ತಾನು ಕಲಿತದ್ದು ಸುಳ್ಳು ಎಂದರೆ ಅಕ್ಕನ ಜೀವಮಾನದ ದುಡಿಮೆಯೇ ಸುಳ್ಳು ಎಂದಹಾಗೆ. ನಿಜ ಎಂದರೆ ಅಕ್ಕ ಹೀಗೇ ಸೊರಗಬೇಕು. ವ್ರತ ಮುಗಿಯಲು ಇನ್ನೂ ದಿನಗಳಿದ್ದವು. ಅಪ್ಪ ಪಾಠಕ್ಕೆ ಗಿಡ ತರುವುದನ್ನು ನಿಲ್ಲಿಸಿದರು. ಮಕ್ಕಳಿಗೆ ಬೆಳಕು, ಶಾಖ, ಅಯಸ್ಕಾಂತ ಎಂದು ಏನೇನೋ ಹೇಳಿ ಬೇಗ ಬಿಟ್ಟುಬಿಡುತ್ತಿದ್ದರು. ಹೊಸಿಲ ಹತ್ತಿರದ ಮಣೆ ಮತ್ತೆ ಗೋಡೆಗೆ ಒರಗಿತು.

ದಾರಿ ಕಂಡದ್ದು ಅಮ್ಮನಿಗೆ. ಒಂದು ಮಧ್ಯಾಹ್ನ ಅವಳು ಹಸಿ ಕಾಫಿಬೀಜವನ್ನು ಮೊರಕ್ಕೆ ಹಾಕಿ ಕಲ್ಲು, ಹುಳುಕು ಆರಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಆಡಿಸುತ್ತಿದ್ದೆ. ಒಂದು ಕಡೆ ಚಪ್ಪಟೆಯಾದ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಗುಂಡನೆಯ ಕಾಳು ಉರುಳಾಡುತ್ತಿತ್ತು. ಅಮ್ಮ ಅಂಥದ್ದೊಂದನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿ, ಮೊರದ ಮೂಲೆಗೆ ಸರಿಸಿದಳು. ಆಮೇಲೆ ಇನ್ನೊಂದು. ಆರಿಸಿ ಮುಗಿಯುವ ಹೊತ್ತಿಗೆ ಮೂಲೆಯಲ್ಲಿ ಒಂದು ಹಿಡಿಯಾಯಿತು. ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟು, ಇಂಥದ್ದೇ ಬೇರೆಯಾಗಿ ಸಿಗುತ್ತದಾ ಕೇಳಿಕೊಂಡು ಬಾ ಎಂದು ಗಫೂರ್ ಸಾಬರ ಅಂಗಡಿಗೆ ಕಳಿಸಿದಳು. ಗಫೂರ್ ಸಾಬರು ಪೇಟೆಯಲ್ಲಿ ಕಾಫಿಬೀಜ ಮಾರುವವರು, ನಮ್ಮ ಮನೆಗೆ ತಿಂಗಳ ಬೀಜ ಅವರದೇ ವರ್ತನೆ. ಅಂಗೈ ಮೇಲೆ ಕಾಳು ಸುರಿದುಕೊಂಡು ನಕ್ಕರು.

"ಒಂಟಿ ಕಾಳು ಕಣಮ್ಮ ಇದು, ಪೀಬರಿ ಅಂತೀವಿ. ಹಣ್ಣಲ್ಲಿ ಜೋಡಿ ಇರಾಕಿಲ್ಲ, ಒಂದೇ ಗುಂಡಗೆ ಕುಂತಿರ್ತದೆ. ಯಾರ್ಗೆ, ನಿಮ್ ಅತ್ತೇರ್ಗಾ? ಹುಷಾರವ್ರಾ? ಭಾಳ ದಿನ ಆಯ್ತಲ್ಲ, ನಿಮ್ ಮನೆ ಬೀಜ ಖರ್ಚಾಗ್ತಾನೇ ಇಲ್ಲ."

ನಾನು ಪೀಬರಿಯ ಚೀಲ ತಂದು ಕೊಟ್ಟೆ. ಅಮ್ಮ ಅದನ್ನು ಹೊಸ ಮೊರಕ್ಕೆ ಹಾಕಿ ಗೋದತ್ತೆಯ ಚಾಪೆಯ ಹತ್ತಿರ ತೆಗೆದುಕೊಂಡು ಹೋದಳು.

"ಅತ್ತಿಗೆ, ಇಲ್ಲಿ ನೋಡಿ. ಇದು ಜೋಡಿ ಅಲ್ಲ, ಒಂಟಿ. ಒಂದು ಹಣ್ಣಲ್ಲಿ ಒಂದೇ ಕಾಳಂತೆ. ಇದು ದ್ವಿದಳ ಹೆಂಗಾಗುತ್ತೆ?"

ಗೋದತ್ತೆ ಎದ್ದು ಕೂತರು. ಒಂದು ಕಾಳನ್ನು ಎತ್ತಿಕೊಂಡು ಉಗುರಿನಿಂದ ಕೆರೆದು ನೋಡಿದರು, ಮೂಸಿದರು. ಮೂಸಿದ್ದು ಸ್ವಲ್ಪ ಹೊತ್ತು ಹೆಚ್ಚೇ ಆಯಿತು. ಆಮೇಲೆ ಅದನ್ನು ಮೊರಕ್ಕೆ ವಾಪಸು ಹಾಕಿದರು.

"ಶೀನಿ ಬರ್ಲಿ. ಅವನು ಹೇಳ್ಲಿ."

ಅಮ್ಮನ ಮುಖ ಇಳಿದುಹೋಯಿತು. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹಣ್ಣಿನಲ್ಲಿ ಕಾಳು ಎರಡಿರಲಿ, ಒಂದಿರಲಿ, ಪ್ರತಿಯೊಂದು ಕಾಫಿಕಾಳಿನ ಒಳಗೂ ಮಲಗಿರುವ ಮೊಳಕೆಗೆ ಎರಡು ಪುಟ್ಟ ದಳಗಳು ಇದ್ದೇ ಇರುತ್ತವೆ. ದ್ವಿದಳ ಎನ್ನುವುದು ಆ ಎರಡಕ್ಕೇ ಹೊರತು ಹೊರಗಿನ ಆಕಾರಕ್ಕಲ್ಲ. ಇದನ್ನು ಅಪ್ಪ ಅದೇ ಜಮಖಾನದ ಮೇಲೆ ಎಷ್ಟು ಸಲ ಹೇಳಿದ್ದರು! ಕಾಳಿನ ಆಕಾರ ನೋಡಿ ಉತ್ತರ ಬರೆದವರಿಗೆ ಸೊನ್ನೆ ಎಂದು ಹೆದರಿಸಿಯೂ ಇದ್ದರು. ಅಂಥ ಅಪ್ಪ ಈ ಕಾಳನ್ನು ನೋಡಿ ಏನು ಹೇಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನಗೆ ಅಳು ಬರುತ್ತಿತ್ತು.

ಅಂದು ಶನಿವಾರ, ಬೆಳಗಿನ ಸ್ಕೂಲು, ಅಪ್ಪ ಹೊತ್ತಿಗೆ ಮೊದಲೇ ಬಂದರು. ಚಪ್ಪಲಿ ಬಿಡುವ ಮುಂಚೆಯೇ ಗೋದತ್ತೆ ಕರೆದರು. ಮೊರ ನಡುಮನೆಯ ಮಧ್ಯೆ ಇತ್ತು. ಅಮ್ಮ ವಿಷಯ ಹೇಳಿದಳು, ಹೇಳುವಾಗ ನೆಲ ನೋಡುತ್ತಿದ್ದಳು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದು ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ತಿರುಗಿಸಿದರು.

"ಗುಂಡಗಿದೆ" ಎಂದರು.

"ಗುಂಡಗಿರೋದು ನಂಗೂ ಕಾಣುತ್ತೆ. ಶೀನಿ, ನಿನ್ನ ವಿದ್ಯೆ ಮೇಲೆ ಆಣೆ ಇಟ್ಟು ಹೇಳು. ಇದು ದ್ವಿದಳಾನೋ, ಅಲ್ವೋ?"

ಅಪ್ಪ ತಲೆ ಎತ್ತಿ ಅಕ್ಕನನ್ನು ನೋಡಿದರು. ಹಣೆಗೆ ಕಟ್ಟಿದ ಬಟ್ಟೆ, ಒಳಗೆ ಹೋದ ಕಣ್ಣು, ಮೊರದ ಅಂಚನ್ನು ಹಿಡಿದ ಬೆರಳುಗಳು. ನನ್ನ ಬಾಯಿ ತೆರೆದೇ ಇತ್ತೋ ಏನೋ, ಅಮ್ಮ ಹಿಂದಿನಿಂದ ನನ್ನ ತೋಳನ್ನು ಬಲವಾಗಿ ಜಿಗುಟಿದಳು.

"ಅಲ್ಲ."

"ಏನು ಅಲ್ಲ? ಬಾಯ್ತುಂಬ ಹೇಳು."

"ದ್ವಿದಳ ಅಲ್ಲ ಅಕ್ಕ. ಒಂಟಿ ಕಾಳು. ಇದು... ಇದು ಏಕದಳ."

ಹಾಗೆಂದು ಅಪ್ಪ ಎದ್ದು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳಿಸುತ್ತಲೇ ಇತ್ತು. ಗೋದತ್ತೆ ಅತ್ತ ಕಡೆಯೇ ನೋಡುತ್ತ ಕೂತಿದ್ದವರು ಹಣೆಯ ಬಟ್ಟೆ ಬಿಚ್ಚಿ ಅಮ್ಮನ ಕಡೆ ತಿರುಗಿದರು.

"ಲಲಿತಾ, ಒಲೆ ಹಚ್ಚಮ್ಮ. ಸಣ್ಣ ಉರೀಲಿ ಹುರಿ, ಸೀದುಹೋದೀತು."

ಮನೆಯೆಲ್ಲ ಕಾಫಿ ಹುರಿದ ಘಮ ತುಂಬಿತು. ನಾನು ಗೋಡೆಗೆ ಬಡಿದಿದ್ದ ಮಿಷನ್ನಿನ ಕೈ ತಿರುಗಿಸಿ ಪುಡಿ ಮಾಡಿಕೊಟ್ಟೆ. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಪಡಸಾಲೆಗೆ ಮಕ್ಕಳು ಬಂದಿದ್ದರು. ಅಪ್ಪ ಅವತ್ತು ವಿಜ್ಞಾನ ತೆಗೆಯಲೇ ಇಲ್ಲ, ಲೆಕ್ಕ ಮಾಡಿಸುತ್ತಿದ್ದರು, ಅದೂ ಮೆಲ್ಲಗೆ. ಅಮ್ಮ ಹಾಲು ಬೆರೆಸಿ ಲೋಟವನ್ನು ಗೋದತ್ತೆಯ ಮುಂದಿಟ್ಟು ದೀಪ ಹಚ್ಚಲು ಹೋದಳು. ಗೋದತ್ತೆ ಲೋಟ ಕೈಗೆ ತೆಗೆದುಕೊಂಡು ಹಾಗೇ ಹಿಡಿದುಕೊಂಡಿದ್ದರು. ಕುಡಿದರೆ ವ್ರತ ಕೆಡುತ್ತದೆ, ದೇವರು ಗೋದತ್ತೆಗೆ ಏನಾದರೂ ಮಾಡಿಬಿಟ್ಟರೆ? ಕುಡಿಯಬೇಡಿ ಎಂದರೆ ಅವರು ಮತ್ತೆ ಬಾವಿಕಟ್ಟೆಯ ಹತ್ತಿರ ಬೀಳುತ್ತಾರೆ. ಹತ್ತಿರ ಸರಿದು ಪಿಸುಗುಟ್ಟಿದೆ.

"ಗೋದತ್ತೆ, ಅದು... ಅಪ್ಪ ಹೇಳಿದ್ದು..."

"ಗೊತ್ತು, ಸುಮ್ನಿರೆ."

ನಾನು ಕಣ್ಣು ಕಣ್ಣು ಬಿಟ್ಟೆ. ಗೋದತ್ತೆ ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿಮ್ಮಪ್ಪ ಇಷ್ಟುದ್ದ ಇದ್ದಾಗ ಒಂದು ಏಕಾದಶಿ. ನಂಗಿನ್ನೂ ಹುಡುಗುವಯಸ್ಸು ಕಣೆ, ಹಸಿವು ತಡ್ಯಕ್ಕಾಗ್ಲಿಲ್ಲ. ಇವನಿಗೆ ಅಂತ ಇಟ್ಟಿದ್ದ ಹುರಿಗಡ್ಲೆ ಒಂದು ಹಿಡಿ ಬಾಯಿಗೆ ಹಾಕ್ಕೊಂಡ್ಬಿಟ್ಟೆ. ಇವನು ನೋಡ್ದ. ನಮ್ಮಪ್ಪ ಬಂದು, ಯಾರೋ ತಿಂದಿದ್ದು ಅಂತ ಕೇಳಿದ್ರು. ಅಕ್ಕ ತಿಂದ್ಲು ಅಂದ್ಬಿಟ್ಟ. ಅವನಿಗೇನು ಗೊತ್ತಾಗುತ್ತೆ, ಕೇಳಿದ್ದಕ್ಕೆ ಇದ್ದದ್ದು ಹೇಳ್ದ. ದ್ವಾದಶಿ ದಿನಾನೂ ನಂಗೆ ಊಟ ಇಲ್ಲ ಅಂದ್ರು ಅಪ್ಪ. ಇವನು ತನ್ನ ತಟ್ಟೆ ಮುಟ್ಟದೆ ನನ್ನ ಪಕ್ಕ ಕೂತ್ಕೊಂಡು ಇಡೀ ದಿನ ಅತ್ತ."

ಪಡಸಾಲೆಯಲ್ಲಿ ಅಪ್ಪ ಯಾರಿಗೋ ಮಗ್ಗಿ ಒಪ್ಪಿಸಲು ಹೇಳುತ್ತಿದ್ದರು.

"ಅವತ್ತು ಹೇಳಬೇಕಾಗಿದ್ದ ಸುಳ್ಳನ್ನ ಇವತ್ತು ಹೇಳಿದಾನೆ ಕಣೆ ಪದ್ದಿ. ಕುಡೀದೆ ಇರಕ್ಕಾಗುತ್ತಾ? ವ್ರತ ಮುಂದಿನ ವರ್ಷಾನೂ ಬರುತ್ತೆ."

ಗೋದತ್ತೆ ಕಾಫಿಯನ್ನು ಎತ್ತಿ ಕುಡಿದರು, ಒಂದೇ ಸಮ, ಕೊನೆಯ ತೊಟ್ಟಿನವರೆಗೆ. ಸೆರಗಿನಿಂದ ಬಾಯಿ ಒರೆಸಿಕೊಂಡರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ಬರಿದಾದ ಲೋಟವನ್ನು, ಮಡಿಯಲ್ಲಿದ್ದೂ, ನನ್ನ ಕೈಗೇ ಕೊಟ್ಟರು.

"ಹೋಗು, ಇನ್ನರ್ಧ ಲೋಟಕ್ಕಾಗೋ ಅಷ್ಟು ಡಿಕಾಕ್ಷನ್ ಇದೆಯಾ ಕೇಳು ನಿಮ್ಮಮ್ಮನ್ನ."